ನಾಲ್ಕನೇ ಕಂಬದ ಗುರುತು

ಹಲೋ... ಹಲೋ. ಯಾರು ಮಾತಾಡ್ತಿರೋದು? ಮೂಡಿಗೆರೆ ಆಸ್ಪತ್ರೆನಾ?

…

ಎಕ್ಸ್‌ಚೇಂಜಾ. ನೀನಾ ಪ್ರೇಮಕುಮಾರಿ. ಏನಮ್ಮಾ ತಾಯಿ, ಟ್ರಂಕ್ ಕಾಲ್ ಬುಕ್ ಮಾಡಿ ಎರಡು ಗಂಟೆ ಆಯ್ತು. ಅಷ್ಟೊತ್ತಿಗೆ ಜೀಪ್ ತಗೊಂಡು ನಾನೇ ಮೂಡಿಗೆರೆ ಮುಟ್ಟಿರ್ತಿದ್ದೆ.

…

ಹಾಂ, ಅದೇ. ಆಸ್ಪತ್ರೆ ಆಫೀಸು. ಇಂಡಸ್ಟ್ರಿಯಲ್ ಸ್ಕೂಲಿನ ಶಂಶುದ್ದೀನ್ ಮೇಷ್ಟ್ರನ್ನ ಕರೆಸ್ಬೇಕು ಅಂತ ಹೇಳಿದ್ದೆ. ಬಂದು ನಿಂತಿದಾರಾ? ಕೊಡು ಮತ್ತೆ. ಕೊಟ್ಟು ನೀನು ಲೈನ್ ಬಿಟ್ಟು ಇಳಿ. ನಿನ್ನ ಕಿವಿಗೆ ಬೇಕಾಗಿದ್ದು ಇದ್ರಲ್ಲಿ ಏನೂ ಇಲ್ಲ.

…

ಹಲೋ... ಮೇಷ್ಟ್ರೇ, ನಮಸ್ಕಾರ. ನಾನು ಷಡಕ್ಷರಿ, ಕಳಸದಿಂದ. ಕೇಳಿಸ್ತಿದೆಯಾ?

…

ಹಾಂ? ಜೋರಾಗಿ ಹೇಳಿ ಮಾರಾಯ್ರೆ. ನಿಮ್ಮ ಮಾತು ಬಾವಿ ಒಳಗಿಂದ ಬಂದಂಗೆ ಬರ್ತಿದೆ. ನಂದೂ ಅಷ್ಟೇನಾ? ಸರಿ, ಇಬ್ರೂ ಕೂಗ್ಕೊಂಡೇ ಮಾತಾಡೋಣ. ದೇವೀರಮ್ಮ ಹೆಂಗಿದಾಳೆ?

…

ಸೊಂಟದ ಮೂಳೆನಾ. ಮತ್ತೆ ಕಾಲು... ಚಿವುಟಿದ್ರೂ ಗೊತ್ತಾಗ್ತಿಲ್ಲ ಅಂತೀರಾ. ಡಾಕ್ಟ್ರು ಏನಂತಾರೆ, ಇನ್ನು ನಡೀತಾಳಂತಾ?

…

ಇಲ್ವಂತಾ. ಛೆ. ಹನ್ನೆರಡು ವರ್ಷದಿಂದ ನಮ್ಮ ತೋಟದಲ್ಲಿ ಕಾಫಿ ಹಣ್ಣು ಕೊಯ್ದೋಳು ಅವಳು. ಅವಳ ಬುಟ್ಟಿ ತುಂಬೋ ಹೊತ್ತಿಗೆ ಉಳಿದೋರದ್ದು ಅರ್ಧ ಆಗಿರ್ತಿರ್ಲಿಲ್ಲ. ಸರಿಯಾಗಿ ಕೊಯ್ಲು ಶುರುವಾಗೋ ಹೊತ್ತಿಗೇ ಹಿಂಗಾಯ್ತು ನೋಡಿ. ನನಗೆ ಒಂದು ಒಳ್ಳೇ ಆಳು ಕಮ್ಮಿ.

…

ಅಯ್ಯೋ, ಸಿಟ್ಟು ಮಾಡ್ಕೋಬೇಡಿ. ಬಾಯಿಗೆ ಬಂದಿದ್ದು ಹೇಳ್ದೆ. ನನಗೂ ದುಃಖ ಇದೆ. ಭಾನುವಾರದಿಂದ ನನಗೂ ಊಟ ಸೇರ್ತಿಲ್ಲ. ನಮ್ಮ ಸಮುದಾಯ ಭವನದ ಓಪನಿಂಗ್ ಫೋಟೋ ಒಂದೂ ಪೇಪರಿಗೆ ಕಳ್ಸೋಕಾಗ್ಲಿಲ್ಲ ಗೊತ್ತಾ ನಿಮಗೆ? ಕಲ್ಲಿನ ಮೇಲೆ ಹೆಸರು ಕೆತ್ತಿಸಿದ್ದೀನಿ, ಷಡಕ್ಷರಿ, ಕಾರ್ಯದರ್ಶಿ, ಸಾವಿರದ ಒಂಬೈನೂರ ಎಂಬತ್ತೊಂದು ಅಂತ. ಈಗ ಆ ಕಲ್ಲಿನ ಮುಂದೆ ಹಾದುಹೋಗೋರೆಲ್ಲ ಮೇಲೆ ಬಾಲ್ಕನಿ ನೋಡ್ತಾರೆ.

…

ವಿಷಯಕ್ಕೇ ಬರ್ತೀನಿ. ಇವತ್ತು ನಾಲ್ಕು ಗಂಟೆಗೆ ಇನ್ಸ್‌ಪೆಕ್ಟ್ರು ಅಲ್ಲಿಗೆ ಬರ್ತಾರೆ. ದೇವೀರಮ್ಮನ ಹೇಳಿಕೆ ಬರ್ಕೊಳ್ತಾರೆ. ಅವರು ಬರೋಕೆ ಮುಂಚೆ ನಾವಿಬ್ರು ಒಂದು ಮಾತಿಗೆ ಬರ್ಬೇಕು. ನಡೆದಿದ್ದು ಇಷ್ಟು ತಾನೇ. ತೋಟದ ಹೆಂಗಸರನ್ನೆಲ್ಲ ಲಾರೀಲಿ ಕರ್ಕೊಂಡು ಬಂದು ಬಾಲ್ಕನೀಲಿ ಕೂರ್ಸಿದ್ದೆ. ಸಚಿವರ ಭಾಷಣ ನಡೀತಿತ್ತು. ಇವಳು ಎದ್ದು ರೇಲಿಂಗಿನ ಮೂಲೆ ಕಂಬ ಹಿಡ್ಕೊಂಡು, ಈ ಕಂಬ ನನ್ ಮಗ ನಿಲ್ಸಿದ್ದು ಅಂತ ಪಕ್ಕದೋಳಿಗೆ ತೋರ್ಸಿದ್ಲು. ಕಂಬ ಬುಡದಲ್ಲೇ ಕಿತ್ತು ಬಂತು. ರೇಲಿಂಗ್ ಸಮೇತ ಕೆಳಗೆ ಹೋದ್ಲು. ಕಂಬ ಯಾಕೆ ಕಿತ್ತು ಬಂತು, ಯಾರ ತಪ್ಪು. ಇನ್ಸ್‌ಪೆಕ್ಟ್ರಿಗೆ ಬೇಕಾಗಿರೋದು ಅಷ್ಟೇ.

…

ನನ್ನನ್ನ ಕೇಳಿದ್ರೆ? ಆ ರೇಲಿಂಗು ನಾನು ಮಾಡಿದ್ದಾ? ನೀವೇ ನಮ್ಮ ಮನೆ ಬಾಗಿಲಿಗೆ ಬಂದ್ರಿ, ಟೋಪಿ ಕೈಯಲ್ಲಿ ಹಿಡ್ಕೊಂಡು. ಬೋರ್ಡ್ ಮೇಲೆ ಗೀಚಿದ್ರೆ ಹುಡುಗರಿಗೆ ವೆಲ್ಡಿಂಗ್ ಬರಲ್ಲ, ನಿಜವಾದ ಒಂದು ಕಟ್ಟಡ ಕೊಡಿ ಸ್ವಾಮಿ ಅಂದ್ರಿ. ಕೊಟ್ಟೆ. ಹನ್ನೊಂದು ಹುಡುಗರು ಆರು ವಾರ ಕೆಲಸ ಮಾಡಿದ್ರು. ಸ್ಕೂಲಲ್ಲೇ ಕತ್ತರಿಸಿ ಜೋಡಿಸಿದ್ರಿ, ಲಾರೀಲಿ ಘಾಟಿ ಹತ್ತಿಸಿ ತಂದು ಇಲ್ಲಿ ನಿಲ್ಲಿಸಿದ್ರಿ. ಕಬ್ಬಿಣ ನಂದು. ಕೈ ನಿಮ್ಮೋರದ್ದು.

…

ಹೌದು, ಚೆನ್ನಾಗಿತ್ತು. ಮೆಟ್ಟಲಿನ ರೇಲಿಂಗ್ ನೋಡಿ ಸಚಿವರೇ ಕೈಯಾಡಿಸಿದ್ರು, ಯಾವ ಊರಿನ ಕಂಟ್ರಾಕ್ಟರ್ ಅಂತ ಕೇಳಿದ್ರು. ನಾನು ಮಂಗಳೂರಿನೋರು ಅಂದೆ.

…

ಮತ್ತೆ ಅವರ ಮುಂದೆ ಹುಡುಗರ ಹೆಸರು ಹೇಳ್ತಾ ಕೂರ್ಲಾ? ಬಿಡಿ ಅದನ್ನ. ಶುಕ್ರವಾರದ ವಿಷಯ ಮಾತಾಡಿ. ಮಧ್ಯಾಹ್ನ ಕರೆಂಟ್ ಹೋಯ್ತು. ಮೂಲೇಲಿ ನಾಲ್ಕು ಕಂಬ ಉಳೀತು. ಎರಡೆರಡು ಚುಕ್ಕೆ ಬೆಸುಗೆ ಅಂಟಿಸಿ ನಿಲ್ಲಿಸಿದ್ರು, ಅದಕ್ಕೆ ನೀವೇನೋ ಅಂತೀರಲ್ಲ... ಹಾಂ, ಟ್ಯಾಕು. ಟ್ಯಾಕ್ ಹೊಡೆದಿದ್ರು, ಸುತ್ತ ಪೂರ್ತಿ ಬೆಸುಗೆ ಎಳೆದಿರ್ಲಿಲ್ಲ. ಸೋಮವಾರ ಬಂದು ಎಳೆಯೋಣ ಅಂತ ಐದು ಗಂಟೆ ಬಸ್ಸಿಗೆ ಹೊರಟುಬಿಟ್ರು. ನೀವು ಅವತ್ತು ಬಂದಿರ್ಲಿಲ್ಲ. ಮಗಳು ಕುಬ್ರಾದು ನಿಶ್ಚಿತಾರ್ಥ ಇತ್ತು ಅಲ್ವಾ? ಒಳ್ಳೇದಾಗ್ಲಿ. ಹುಡುಗರಿಗೆ ಲೀಡರ್ ಯಾರು? ನಿಂಗಯ್ಯ. ದೇವೀರಮ್ಮನ ಮಗ.

…

ನಾನೂ ಇರ್ಲಿಲ್ಲ, ಒಪ್ಕೊಂಡೆ. ಚಿಕ್ಕಮಗಳೂರಿಗೆ ಹೋಗಿದ್ದೆ. ಬುಧವಾರ ಬರ್ಬೇಕಾದ ಸಚಿವರು ಭಾನುವಾರವೇ ಈ ಕಡೆ ಬರ್ತೀನಿ ಅಂದ್ರು. ಬೇಡ ಅನ್ನೋಕಾಗುತ್ತಾ?

…

ಸೀಮೆಸುಣ್ಣದ ಗುರುತಾ? ಹಾಂ, ಮೊದಲನೇ ದಿನವೇ ಹೇಳಿದ್ರಿ, ನೆನಪಿದೆ. ಇಂಟು ಮಾರ್ಕ್ ಹಾಕಿದ ಕಡೆ ಬೆಸುಗೆ ಮುಗಿದಿಲ್ಲ ಅಂತ ಅರ್ಥ, ಅಲ್ಲಿ ಬಣ್ಣ ಹಚ್ಚಬೇಡಿ, ಯಾರನ್ನೂ ಒರಗೋಕೆ ಬಿಡಬೇಡಿ ಅಂತ. ನಿಮ್ಮ ಹುಡುಗರು ಬಾಯಲ್ಲಿ ಹೇಳೋದಕ್ಕಿಂತ ಗುರುತು ಹಾಕೋದನ್ನೇ ನಂಬ್ತಾರೆ ಅಂದ್ರಿ. ಎಲ್ಲಾ ನೆನಪಿದೆ. ನಾನು ಶನಿವಾರ ನೋಡಿದಾಗ ಒಂದು ಗುರುತೂ ಇರ್ಲಿಲ್ಲ. ಇಲ್ಲ ಅಂದ್ಮೇಲೆ ಕೆಲಸ ಮುಗಿದಿದೆ ಅಂತ ತಾನೇ? ಸಿಲ್ವರ್ ಪೇಂಟ್ ಹೊಡೆಸ್ದೆ.

…

ಒಂದು ನಿಮಿಷ ಮೇಷ್ಟ್ರೇ, ಇಟ್ಟುಬಿಡ್ಬೇಡಿ... ಏನೋ ಭೂತಯ್ಯ ನಿಂದು? ಪೇಂಟ್ ಹೊಡೆದೋನು ನೀನು, ಎದುರಿಗೆ ಕೂತಿರು ಅಂತ ಕರೆಸಿದ್ದು, ಬಾಯಿ ಹಾಕು ಅಂತ ಅಲ್ಲ.

…

ಕೇಳ್ಸಲ್ಲ ಕಣೋ, ಫೋನಿಗೆ ಕೈ ಅಡ್ಡ ಹಿಡಿದಿದ್ದೀನಿ. ಕೂಗಿದ್ದೇ ಅಲ್ಲಿಗೆ ಮುಟ್ತಿಲ್ಲ. ಹೌದು, ನಾಲ್ಕಿತ್ತು. ನಾಲ್ಕು ಕಂಬದ ಬುಡಕ್ಕೂ ಇಂಟು ಮಾರ್ಕ್ ಇತ್ತು, ನೀನು ತೋರ್ಸಿದೆ, ಒದ್ದೆ ಗೋಣೀಲಿ ಒರೆಸಿ ಹೊಡಿ ಅಂತ ನಾನೇ ಹೇಳ್ದೆ. ಆಯ್ತಾ? ಅದನ್ನ ಹೊಟ್ಟೇಲಿ ಇಟ್ಕೊಂಡ್ರೆ ನಿನಗೂ ಕ್ಷೇಮ, ನನಗೂ ಕ್ಷೇಮ. ಕಾಫಿ ಕುಡಿ, ಆರ್ತಿದೆ.

…

ಹಲೋ, ಮೇಷ್ಟ್ರೇ, ಇದೀರಾ? ಏನಿಲ್ಲ, ತೋಟದ ಆಳು ಒಬ್ಬ ಬಂದಿದ್ದ.

…

ಯಾರು? ಪ್ರೇಮಕುಮಾರಿ, ನೀನು ಇನ್ನೂ ಇಲ್ಲೇ ಇದೀಯಾ? ಕಾಲ್‌ನ ಮೂರು ನಿಮಿಷದ ಟೈಮ್ ಆದ್ರೆ ಆಗ್ಲಿ, ಮುಂದುವರ್ಸು. ನಾನು ಇಡೋ ತನಕ ಕೇಳ್ಬೇಡ ನನ್ನ. ಮಾತಿನ ಮಧ್ಯೆ ಮೂಗು ತೂರಿಸೋದು ಒಂದು ಕೆಲಸ ನಿಮಗೆ.

…

ಹಾಂ ಮೇಷ್ಟ್ರೇ. ನಾನು ಮೂರು ದಿನ ಕೂತು ಯೋಚ್ನೆ ಮಾಡಿದ್ದೀನಿ. ಸಾವಧಾನವಾಗಿ ಕೇಳಿ. ಕೇಸು ಅಂತ ಆಗ್ಬೇಕಾದ್ರೆ ದೇವೀರಮ್ಮ ದೂರು ಹೇಳ್ಬೇಕು. ಕಟ್ಟಡದೋರು ತಪ್ಪು ಮಾಡಿದಾರೆ ಅಂತ ಅವಳಿಗೆ ಅನ್ಸಿದ್ರೆ ಹೇಳ್ತಾಳೆ. ತಪ್ಪು ಮಗನದ್ದೇ ಅಂತ ಗೊತ್ತಾದ್ರೆ? ಯಾವ ತಾಯಿ ಮಗನ ಮೇಲೆ ಪೊಲೀಸ್ರ ಹತ್ರ ಬರೆಸ್ತಾಳೆ ಹೇಳಿ. ನಾನೇ ಕಾಲು ಜಾರಿ ಬಿದ್ದೆ ಸ್ವಾಮಿ ಅಂತಾಳೆ. ಅಲ್ಲಿಗೆ ಮುಗೀತು. ನಿಂಗಯ್ಯನ ಕೈಯಲ್ಲಿ ತಪ್ಪು ನಂದೇ ಅಂತ ಒಂದು ಚೀಟಿ ಬರೆಸಿ ಅವಳಿಗೆ ಓದಿ ಹೇಳಿ. ಪೊಲೀಸ್ರಿಗೆ ಕೊಡೋ ಪ್ರಮೇಯವೇ ಬರಲ್ಲ. ನನ್ನ ಹತ್ರ ಜೋಪಾನವಾಗಿರುತ್ತೆ.

…

ಪಾಪ ಅನ್ಸುತ್ತೆ, ಯಾಕೆ ಅನ್ಸಲ್ಲ. ಆದ್ರೆ ಕಾಲು ವಾಪಸ್ ಬರುತ್ತಾ? ನಾನು ತಪ್ಪೊಪ್ಕೊಂಡ್ರೆ ಅವಳು ಎದ್ದು ನಡೀತಾಳಾ? ಹೇಳಿ, ನಡೀತಾಳೆ ಅಂದ್ರೆ ಈಗಲೇ ಒಪ್ಕೊಳ್ತೀನಿ.

…

ಆಗಲ್ಲ ಅಂತೀರಾ. ಸರಿ. ಹಂಗಾದ್ರೆ ನನಗೂ ಆಗಲ್ಲ. ಹುಡುಗರ ಪ್ರಾಕ್ಟಿಕಲ್ ಬುಕ್ಕು ಹನ್ನೊಂದೂ ನನ್ನ ಮೇಜಿನ ಮೇಲಿದೆ, ಇಲ್ಲೇ, ಕಾಫಿ ಲೋಟದ ಪಕ್ಕ. ಕೆಲಸ ತೃಪ್ತಿಕರ ಅಂತ ಕಟ್ಟಡದೋರು ಸಹಿ ಹಾಕ್ಬೇಕಲ್ವಾ? ಸಹಿ ಇಲ್ಲದೆ ಸರ್ಟಿಫಿಕೇಟ್ ಇಲ್ಲ, ಸರ್ಟಿಫಿಕೇಟ್ ಇಲ್ಲದೆ ಮುಂದಿನ ತಿಂಗಳು ಹದಿನೈದನೇ ತಾರೀಕು ಕುದುರೆಮುಖ ಗಣಿಯ ಇಂಟರ್‌ವ್ಯೂಗೆ ಗೇಟಿನ ಒಳಗೂ ಬಿಡಲ್ಲ. ವೆಲ್ಡರ್ ಕೆಲಸ, ಕ್ವಾರ್ಟರ್ಸ್ ಬೇರೆ. ಹನ್ನೊಂದು ಮನೇಲಿ ಆ ತಾರೀಕಿಗೆ ದೀಪ ಹಚ್ಚಿಟ್ಕೊಂಡು ಕಾಯ್ತಿದಾರೆ ಮೇಷ್ಟ್ರೇ. ಕೆಲಸ ಕಳಪೆ ಅಂತ ನಾನು ಒಂದು ಸಾಲು ಬರೆದ್ರೆ ಹನ್ನೊಂದಕ್ಕೂ ಬರೀಬೇಕಾಗುತ್ತೆ. ಒಬ್ಬನಿಗೆ ಮಾತ್ರ ಬರೆಯೋದು ನ್ಯಾಯ ಅಲ್ಲ.

…

ಇನ್ನೊಂದು ವಿಷಯ. ದೇವೀರಮ್ಮ ಇರೋದು ನಮ್ಮ ತೋಟದ ಆಳುಗಳ ಲೈನ್ ಮನೇಲಿ. ಕೆಲಸಕ್ಕೆ ಬರೋರಿಗೆ ತಾನೇ ಲೈನ್ ಮನೆ. ನಾನು ಏನೂ ಹೇಳ್ತಿಲ್ಲ. ಗಂಡ ದಾಸಯ್ಯ ತೀರ್ಕೊಂಡಾಗಲೂ ನಾನು ಏನೂ ಹೇಳ್ಲಿಲ್ಲ, ಈಗಲೂ ಹೇಳ್ತಿಲ್ಲ.

…

ಯಾರ ಹತ್ರ ಮಾತಾಡ್ತಿದ್ದೀರಿ ಅಲ್ಲಿ? ಹಲೋ?

…

ಹಾಂ. ಹುಡುಗ ಅಲ್ಲೇ ಇದಾನಾ? ಬಾಗಿಲ ಹತ್ರ ನಿಂತಿದಾನಾ. ಕೊಡಿ ಅವನಿಗೆ. ನೀವು ಹೇಳೋದಕ್ಕಿಂತ ನಾನೇ ಹೇಳಿದ್ರೆ ವಾಸಿ. ಪೆನ್ನು, ಕಾಗದ ಕೊಟ್ಟಿರಿ ಕೈಗೆ.

…

ಯಾರು, ನಿಂಗಯ್ಯನಾ? ಏನಪ್ಪಾ. ಉಂಡ್ಯಾ?

…

ಉಣ್ಬೇಕು ಕಣೋ. ನೀನು ಉಪವಾಸ ಬಿದ್ರೆ ಅವಳಿಗೆ ಗಂಜಿ ಕುಡಿಸೋರು ಯಾರು? ಇನ್ಮೇಲೆ ಅವಳನ್ನ ಎತ್ತಿ ಕೂರ್ಸೋದು, ಮಲಗ್ಸೋದು, ಒರೆಸೋದು ಎಲ್ಲಾ ನೀನೇ. ಜೀವಮಾನ ಪೂರ್ತಿ. ಈಗಿನಿಂದಲೇ ಗಟ್ಟಿಯಾಗ್ಬೇಕು.

…

ಅಳೋದು ಆಮೇಲೆ. ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳು. ಭಾನುವಾರ ಬೆಳಿಗ್ಗೆ ನಿಮ್ಮನ್ನೆಲ್ಲ ಯೂನಿಫಾರಂ ಹಾಕ್ಸಿ ಗೇಟಿನ ಹತ್ರ ಸಾಲಾಗಿ ನಿಲ್ಲಿಸಿದ್ದೆ. ನೀನು ಬಂದು, ಅಯ್ಯಾ, ಒಂದ್ಸಲ ಮೇಲೆ ಹೋಗಿ ನೋಡ್ಕೊಂಡು ಬರ್ತೀನಿ ಅಂದೆ. ನಾನು ಸಚಿವರ ಕಾರು ಬಂತು, ಸಾಲಲ್ಲಿ ನಿಲ್ಲು ಅಂದೆ. ಹೌದಾ? ಆಗ ಬಾಯಿ ಬಿಟ್ಟು ಯಾಕೆ ಹೇಳ್ಲಿಲ್ಲ, ನಾಲ್ಕು ಕಂಬ ಬಾಕಿ ಇದೆ ಅಂತ?

…

ಕೆಳಗಿಂದ ಬಣ್ಣ ಹೊಳೀತಿತ್ತು, ಅದಕ್ಕೇ ಯಾರೋ ಬಂದು ಬೆಸುಗೆ ಮುಗಿಸಿದಾರೆ ಅಂದ್ಕೊಂಡ್ಯಾ? ಮೇಷ್ಟ್ರು ಹಂಗೇ ಕಲ್ಸಿದ್ದಾ, ಬೆಸುಗೆ ಮುಗಿದ ಮೇಲೇ ಬಣ್ಣ ಅಂತ. ನೋಡು, ನೀನು ಅಂದ್ಕೊಂಡೆ. ಅಂದ್ಕೊಂಡು ಸುಮ್ಮನೆ ನಿಂತೆ. ಅಷ್ಟೊತ್ತಿಗೆ ನಿಮ್ಮಮ್ಮ ಮೇಲೆ ಹತ್ತಿ ಕೂತಿದ್ಲು. ಹೊಸ ಸೀರೆ ಉಟ್ಟಿದ್ಲು ಅಲ್ವಾ, ಹಸಿರುದು? ನಾನೇ ನೋಡಿ, ಏನು ದೇವೀರಮ್ಮ, ಇವತ್ತು ಮದುವಣಗಿತ್ತಿ ಅಂದೆ. ನಗಾಡಿದ್ಲು.

…

ಆಯ್ತು, ಆಯ್ತು. ಮೂಗು ಒರೆಸ್ಕೋ. ಬರ್ಕೋ ಈಗ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು. ಒಂದಕ್ಷರ ನಿಂದು ಸೇರಿಸ್ಬೇಡ, ಒಂದಕ್ಷರ ನಂದು ಬಿಡಬೇಡ. ಫೋನಲ್ಲಿ ಏನು ಕೇಳುತ್ತೋ ಅದು ಕಾಗದದ ಮೇಲಿರ್ಬೇಕು. ಆಯ್ತಾ?

…

ನಿಂಗಯ್ಯ ಬಿನ್ ದಾಸಯ್ಯ ಆದ ನಾನು... ಬರೆದ್ಯಾ? ದಿನಾಂಕ ಹದಿಮೂರನೇ ಶುಕ್ರವಾರ, ಕಳಸದ ಭವನದ ಬಾಲ್ಕನಿಯಲ್ಲಿ... ಬಾಲ್ಕನಿ, ಹಾಂ, ಹೆಂಗಾದ್ರೂ ಬರಿ... ಕಂಬಗಳ ಬೆಸುಗೆ ಪೂರ್ತಿ ಮಾಡದೆ, ಯಾರಿಗೂ ತಿಳಿಸದೆ, ಯಾವ ಗುರುತೂ ಹಾಕದೆ ಹೋಗಿರುತ್ತೇನೆ.

…

ಯಾಕೆ ನಿಲ್ಸಿದೆ?

…

ಹಾಕಿದ್ದೆ ಅಂತೀಯಾ? ನಿಜವಾಗ್ಲೂ? ನಾಲ್ಕಕ್ಕೂ ಹಾಕಿದ್ಯಾ?

…

ಏನಂದೆ? ಇನ್ನೊಂದ್ಸಲ ಹೇಳು. ನಿಧಾನಕ್ಕೆ.

…

ಮೂರಕ್ಕೆ ಹಾಕಿದ್ದು ಚೆನ್ನಾಗಿ ನೆನಪಿದೆ. ನಾಲ್ಕನೇದು ಮೂಲೆ ಕಂಬ, ಅಲ್ಲಿಗೆ ಬರೋ ಹೊತ್ತಿಗೆ ಕೈಯಲ್ಲಿದ್ದ ಸೀಮೆಸುಣ್ಣ ಸವೆದುಹೋಯ್ತು. ಇನ್ನೊಂದು ಚೂರು ಹುಡುಕ್ತಿದ್ದೆ, ಬಸ್ಸು ಹಾರನ್ ಹೊಡೀತು. ಆಮೇಲೆ ಹಾಕಿದ್ನೋ ಇಲ್ವೋ ನೆನಪೇ ಆಗ್ತಿಲ್ಲ. ಹಿಂಗಾ? ಮೂರು ದಿನದಿಂದ ಇದನ್ನೇ ಯೋಚ್ನೆ ಮಾಡ್ತಿದ್ಯಾ?

…

ನನ್ನನ್ನ ಕೇಳ್ತೀಯಾ. ನಾನು ಶನಿವಾರ ನೋಡಿದ್ದೀನಿ, ನಿಜ. ನಾಲ್ಕನೇದಕ್ಕೆ ಇತ್ತೋ ಇಲ್ವೋ ನನಗೆ ಗೊತ್ತು. ಅದೊಂದು ಹೇಳಿಬಿಟ್ರೆ ಸಾಕಾ ನಿನಗೆ? ಸರ್ಟಿಫಿಕೇಟ್ ಬೇಡ, ಕೆಲಸ ಬೇಡ?

…

ಸರಿ, ಹೇಳ್ತೀನಿ. ಮೊದಲು ಚೀಟಿ ಮುಗ್ಸು. ಇದರಿಂದಾಗಿ ನನ್ನ ತಾಯಿ ಬಿದ್ದಿರುತ್ತಾರೆ. ಭವನದ ಸಮಿತಿಯವರದು ಏನೂ ತಪ್ಪು ಇರುವುದಿಲ್ಲ. ಸಹಿ ಹಾಕು. ಹಾಕಿದ್ಯಾ? ಪೂರ್ತಿ ಹೆಸರು? ಜಾಣ.

…

ಹೇಳ್ತೀನಿ ಅಂದ್ನಲ್ಲ, ಹೇಳ್ತೀನಿ. ಒಂದು ಗುರುತೂ ಇರ್ಲಿಲ್ಲ ಅಂತ ನಾನು ಅಂದ್ರೆ ನೀನು ನಂಬಲ್ಲ, ಮೂರು ಹಾಕಿದ್ದು ನಿನಗೇ ಗೊತ್ತು. ಅದಕ್ಕೇ ನಿಜ ಹೇಳ್ತೀನಿ ಕೇಳು. ಮೂರಕ್ಕೆ ಇತ್ತು. ನನ್ನ ಕಣ್ಣಾರೆ ನೋಡಿದೆ, ನಿಂತು ಒದ್ದೆ ಗೋಣೀಲಿ ಒರೆಸೋಕೆ ಹೇಳ್ದೆ. ನಾಲ್ಕನೇದಕ್ಕೆ ಇರ್ಲಿಲ್ಲ. ಮೂಲೆ ಕಂಬ ಬೋಳು. ಬಗ್ಗಿ ನೋಡಿದೆ, ಸುತ್ತ ನೋಡಿದೆ. ಒಂದು ಗೀಟು ಇರ್ಲಿಲ್ಲ ಕಣೋ ಮಗನೆ. ನಿಮ್ಮಮ್ಮ ಹಿಡ್ಕೊಂಡಿದ್ದು ಅದನ್ನೇ.

…

ಕೂತ್ಕೋ ಭೂತಯ್ಯ. ಎಲ್ಲಿಗೆ ಏಳ್ತಿದ್ದೀಯ? ನಾಲ್ಕಕ್ಕೂ ಇತ್ತು ಅಂತ ನನಗೆ ಗೊತ್ತಿಲ್ವಾ? ಅವನಿಗೆ ಗೊತ್ತಾಗ್ಬಾರ್ದು, ಅಷ್ಟೇ. ತನ್ನದೇ ತಪ್ಪು ಅಂತ ಎದೇಲಿ ಕೂತ್ರೆ ನಾಳೆ ಯಾರು ಬಂದು ಏನು ಕೇಳಿದ್ರೂ ಅದನ್ನೇ ಹೇಳ್ತಾನೆ. ಸುಳ್ಳು ಹೇಳ್ಸಿದ್ರೆ ಎಲ್ಲಾದ್ರೂ ಒಂದು ಕಡೆ ಜಾರ್ತಾರೆ ಜನ. ನಂಬಿಸಿದ್ರೆ ಜಾರಲ್ಲ. ಕೈ ಅಡ್ಡ ಇದೆ, ಹೆದರ್ಬೇಡ.

…

ಹಲೋ, ನಿಂಗಯ್ಯ? ನಿಂಗಯ್ಯ, ಇದೀಯಾ?

…

ಓ, ಮೇಷ್ಟ್ರಾ. ಹುಡುಗ ಎಲ್ಲಿ?

…

ವಾರ್ಡಿಗೆ ಓಡಿದ್ನಾ? ಅಮ್ಮನಿಗೆ ಹೇಳ್ತೀನಿ ಅಂತಾನಾ? ಹೋಗ್ಲಿ, ಹೋಗ್ಲಿ. ತಾನಾಗೇ ಹೇಳೋದು ಒಳ್ಳೇದು. ಅವಳು ಕೂದಲು ನೇವರಿಸಿ, ಅಳ್ಬೇಡ ಮಗ, ನಾನೇ ಜಾರಿ ಬಿದ್ದೆ ಅಂತ ಬರೆಸ್ತೀನಿ ಅಂತಾಳೆ. ನೋಡ್ತಿರಿ.

…

ಚೀಟಿ ನಿಮ್ಮ ಕೈಲಿದೆಯಾ? ಓದಿ ಒಂದ್ಸಲ.

…

ಹಾಂ... ಹಾಂ... ತಪ್ಪು ಇರುವುದಿಲ್ಲ. ಸಹಿ. ಸರಿಯಾಗಿದೆ. ಮೊದಲ ದಿನವೇ ಹೇಳಿದ್ದೆ ನಿಮಗೆ, ಅವನ ಅಕ್ಷರ ಚೆನ್ನಾಗಿದೆ ಅಂತ.

…

ಕೆಳಗೆ ಇನ್ನೆಂತ ಇದೆ? ಸಹಿ ಆದ್ಮೇಲೆ ಎಂತ ಬರೆದಿದಾನೆ?

…

ಮೂರಕ್ಕೆ ಇತ್ತು, ನನ್ನ ಕಣ್ಣಾರೆ ನೋಡಿದೆ, ನಿಂತು ಒದ್ದೆ ಗೋಣೀಲಿ... ಅದನ್ನೂ ಬರೆದಿದಾನಾ? ಎಂಥ ಪೆದ್ದನೋ ಅವನು. ಬರಿ ಅಂದಿದ್ದು ಮೇಲಿಂದು ಮಾತ್ರ.

…

ಹೌದು, ಒಂದಕ್ಷರ ಬಿಡಬೇಡ ಅಂದಿದ್ದೆ. ಅಂದ್ರೆ ಏನು, ಕೆಮ್ಮಿದ್ದನ್ನೂ ಬರೆಯೋದಾ?

…

ನೋಡಿ ಮೇಷ್ಟ್ರೇ, ಧ್ವನಿ ಏರಿಸ್ಬೇಡಿ. ಗುರುತು ನೋಡಿಯೂ ಒರೆಸಿದ್ದೀರಿ ಅಂತ ನೀವು ಕೂಗೋದು ಬೇಡ, ಅಲ್ಲಿ ಆಫೀಸಲ್ಲಿ ಜನ ಇದಾರೆ. ಆ ಕೆಳಗಿನ ಸಾಲು ಹರಿದು ಹಾಕಿ. ಸಹಿ ತನಕ ಉಳಿಸ್ಕೊಳ್ಳಿ.

…

ಇನ್ಸ್‌ಪೆಕ್ಟ್ರಿಗೆ ಕೊಡ್ತೀರಾ? ಕೊಡಿ. ಹನ್ನೊಂದು ಬುಕ್ಕು ಇಲ್ಲೇ ಒಲೆಗೆ ಹೋಗುತ್ತೆ.

…

ಅದಕ್ಕೂ ಹೆದರಲ್ಲ ಅಂತೀರಾ. ಭೇಷ್. ಆರು ವಾರದಲ್ಲಿ ನಿಮ್ಮ ಬಾಯಿಂದ ಇಂಥ ಮಾತು ಕೇಳಿರ್ಲಿಲ್ಲ.

…

ಮತ್ತಿನ್ನೇನು ಬೇಕು ನಿಮಗೆ? ಜೋರಾಗಿ ಹೇಳಿ, ಕೇಳಿಸ್ತಿಲ್ಲ.

…

ನಾಲ್ಕನೇ ಕಂಬ. ನೀವೂ ಅದನ್ನೇ ಕೇಳ್ತಿದ್ದೀರಾ? ಆ ಹುಡುಗ ಅದೊಂದನ್ನ ತಲೇಲಿ ಇಟ್ಕೊಂಡು ಬದುಕಲ್ಲ ಅಂತೀರಾ? ಕೆರೆಗೋ ಬಾವಿಗೋ ಹೋಗ್ತಾನೆ ಅಂತ ಭಯನಾ?

…

ಹಾಂ. ಈಗ ನೀವು ದಾರಿಗೆ ಬಂದ್ರಿ. ನಿಮ್ಮ ಹತ್ರ ನನಗೆ ಬೇಕಾದ ಚೂರು ಕಾಗದ ಇದೆ, ನನ್ನ ಹತ್ರ ನಿಮಗೆ ಬೇಕಾದ ಒಂದು ಮಾತಿದೆ. ಕೆಳಗಿನ ಎರಡು ಸಾಲು ಹರೀರಿ. ಫೋನಿಗೆ ಹಿಡಿದು ಹರೀರಿ, ಸದ್ದು ಕೇಳ್ಬೇಕು ನನಗೆ. ಆಮೇಲೆ ಹೇಳ್ತೀನಿ, ಮೂರೋ ನಾಲ್ಕೋ. ನೀವು ಓಡಿ ಹೋಗಿ ಹುಡುಗನಿಗೆ ಹೇಳಿ.

…

ನನ್ನ ಮಕ್ಕಳಾಣೆ, ನಿಜ ಹೇಳ್ತೀನಿ.

…

ಯೋಚ್ನೆ ಮಾಡಿ. ಅಷ್ಟೊತ್ತಿಗೆ ಅವನು ಅಮ್ಮನ ಮಂಚದ ಹತ್ರ ಮುಟ್ಟಿರ್ತಾನೆ.

…

ಹಾಂ. ಕೇಳಿಸ್ತು. ಇನ್ನೊಂದ್ಸಲ, ಚೂರುಚೂರು ಮಾಡಿ... ಸಾಕು. ಒಳ್ಳೇವ್ರು ನೀವು. ನಿಮ್ಮಂಥ ಮೇಷ್ಟ್ರು ಸಿಗಲ್ಲ.

…

ಹೇಳ್ತೀನಿ, ಅವಸರ ಎಂತದ್ದು? ಮೂರೇ ಮೇಷ್ಟ್ರೇ. ಮೂರೇ ಇತ್ತು. ನಾಲ್ಕನೇದಕ್ಕೆ ಹುಡುಗ ಹಾಕಿರ್ಲಿಲ್ಲ.

…

ಸುಳ್ಳು ಯಾಕೆ ಹೇಳ್ಲಿ? ಆ ಸಾಲು ಹರಿದಾಯ್ತು, ಈಗ ಸುಳ್ಳು ಹೇಳಿದ್ರೆ ನನಗೆ ಬರೋದೇನು? ಹೋಗಿ ಅವನನ್ನ ಸಮಾಧಾನ ಮಾಡಿ. ಬುಕ್ಕು ಹತ್ತಕ್ಕೆ ಇವತ್ತೇ ಸಹಿ ಹಾಕ್ತೀನಿ. ನಿಂಗಯ್ಯನದು ಅವನ ಅಮ್ಮ ಹೇಳಿಕೆ ಕೊಟ್ಟ ಮೇಲೆ ನೋಡೋಣ. ಕುಬ್ರಾ ಮದುವೆಗೆ ನನ್ನ ಕರೀದೆ ಬಿಡಬೇಡಿ ಮತ್ತೆ.

…

ಹಲೋ? ಮೇಷ್ಟ್ರೇ? ಏನೋ ಟಕ್ ಅಂತು. ಹಲೋ.

…

ಓ, ಪ್ರೇಮಕುಮಾರಿ. ಮುಗೀತಮ್ಮ. ನೀನು ಕಟ್ ಮಾಡ್ಬಹುದು.

…

ಏನು? ಏನು ಕೇಳಿಸ್ತು ನಿನಗೆ?

…

ನಾನು ಭೂತಯ್ಯನ ಹತ್ರ ಮಾತಾಡಿದ್ದಾ? ಅದು ಹೆಂಗೆ ಕೇಳುತ್ತೆ, ನಾನು ಕೈ ಅಡ್ಡ ಹಿಡಿದಿದ್ದೆನಲ್ಲ. ಕೂಗಿದ್ದೇ ಮೂಡಿಗೆರೆಗೆ ಕೇಳ್ತಿರ್ಲಿಲ್ಲ.

…

ಹೌದು... ನೀನು ಮೂಡಿಗೆರೇಲಿಲ್ಲ. ಇಲ್ಲೇ ಇದೀಯಾ, ಬಸ್‌ಸ್ಟ್ಯಾಂಡ್ ಹಿಂದೆ. ಪಕ್ಕದ ಮನೆ ಇದ್ದಂಗೆ. ಎರಡು ಸಲಾನೂ ಕೇಳಿಸ್ತಾ? ಸ್ಪಷ್ಟವಾಗಿ?

…

ನೋಡಮ್ಮ, ಲೈನಲ್ಲಿ ಗಿರಾಕಿ ಮಾತು ಕೇಳೋದು ತಪ್ಪು. ನಿನ್ನ ಮೇಲಿನೋರಿಗೆ ನಾನು ಒಂದು ಕಾಗದ ಬರೆದ್ರೆ ಕೆಲಸ ಹೋಗುತ್ತೆ, ಗೊತ್ತಾ?

…

ಹೋದ್ರೆ ಹೋಗ್ಲಿ ಅಂತೀಯಾ. ಯಾಕೆ ಮಾರಾಯ್ತಿ, ದೇವೀರಮ್ಮ ನಿನಗೇನಾಗ್ಬೇಕು?

…

ಏನೂ ಆಗ್ಬೇಕಾಗಿಲ್ವಾ. ಮತ್ತೆ?

…

ಮೇಷ್ಟ್ರು ಇನ್ನೂ ಫೋನ್ ಇಟ್ಟಿಲ್ವಾ? ಕೈಲಿ ಹಿಡ್ಕೊಂಡೇ ನಿಂತಿದಾರಾ? ನಿಂಗಯ್ಯನನ್ನ ವಾರ್ಡಿಂದ ಕರೀರಿ ಅಂತ ಹೇಳಿದ್ಯಾ? ಯಾವಾಗ ಹೇಳಿದೆ?

…

ಬೇಡ. ಪ್ರೇಮಕುಮಾರಿ, ಬೇಡ ಕಣಮ್ಮ. ನೀನು ಹೇಳ್ಬೇಡ, ನಾನೇ ಹೇಳ್ತೀನಿ. ನಾಲ್ಕಕ್ಕೂ ಇತ್ತು ಅಂತ ನನ್ನ ಬಾಯಿಂದಲೇ ಹೇಳ್ತೀನಿ. ಲೈನ್ ಕೊಡು ನನಗೆ. ಬೇರೆ ಥರ ಹೇಳ್ಬೇಕು ಅದನ್ನ, ನಿನಗೆ ಗೊತ್ತಾಗಲ್ಲ. ಇನ್ನೊಂದು ಮೂರು ನಿಮಿಷ ಮುಂದುವರ್ಸು.

…

ಮೂರು ನಿಮಿಷ ಕೇಳ್ತಿದ್ದೀನಿ ತಾಯಿ, ಮೂರೇ ನಿಮಿಷ.

…

ಹುಡುಗ ಬಂದ್ನಾ? ಯಾರು ಅದು, ಅಳ್ತಿರೋದು? ಪ್ರೇಮಕುಮಾರಿ, ನನ್ನನ್ನ ಕಟ್ ಮಾಡ್ಬೇಡ, ನಾನು ಷಡಕ್ಷರಿ ಹೇಳ್ತಿದ್ದೀನಿ... ಹಲೋ. ನನ್ನ ಟೈಮ್ ಆಯ್ತು ಅಂದ್ರೆ ಎಂತ... ಹಲೋ... ಹಲೋ...